ದಿವಾನ್ ಪೂರ್ಣಯ್ಯನವರು ಮತ್ತು ಯಳಂದೂರು ಮನೆತನ

ಶ್ರೀರಂಗಪಟ್ಟಣದ ಶ್ರೀರಂಗನಾಥನ ದರ್ಶನಕ್ಕೆ ಹೋಗಿಬಂದ ನಮ್ಮ ಓದುಗರಲ್ಲಿ ಹಲವರು ಅಲ್ಲಿ ಕಾವೇರಿಗೆ ಅಡ್ಡಲಾಗಿ ನಿಂತಿರುವ ಹಳೆಯ ಕಲ್ಲಿನ ಸೇತುವೆಯನ್ನು ನೋಡಿರಬಹುದು. ಕಮಾನುಗಳಿಲ್ಲ, ಆಡಂಬರವಿಲ್ಲ. ಹೊಳೆಯ ತಳದಿಂದ ಎದ್ದ ಕಲ್ಲುಕಂಬಗಳು, ಅವುಗಳ ಮೇಲೆ ಕಲ್ಲಿನ ತೊಲೆಗಳು, ಅವುಗಳ ಮೇಲೆ ಚಪ್ಪಡಿಗಳು. ದೇವಾಲಯದ ಮಂಟಪವನ್ನೇ ಉದ್ದಕ್ಕೆ ಎಳೆದು ಹೊಳೆಯ ಮೇಲೆ ಹಾಸಿದಂತೆ ಕಾಣುತ್ತದೆ. ೧೮೦೪ರಲ್ಲಿ ಪೂರ್ಣವಾದ ಈ ಸೇತುವೆಗೆ ಅಂದಿನ ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರನ್ನಿಟ್ಟರು. ಕಟ್ಟಿಸಿದವರು ಮೈಸೂರಿನ ದಿವಾನರಾಗಿದ್ದ ಪೂರ್ಣಯ್ಯನವರು.

ಯತಿಗಳ, ಹರಿದಾಸರ, ಪಂಡಿತರ ಚರಿತ್ರೆಗಳು ಇಂತಹ ಪತ್ರಿಕೆಗಳಲ್ಲಿ ಬರುವುದು ವಾಡಿಕೆ. ಪೂರ್ಣಯ್ಯನವರು ಯತಿಗಳಲ್ಲ, ಗ್ರಂಥಕಾರರೂ ಅಲ್ಲ. ನಮ್ಮ ಸಮಾಜದಲ್ಲಿ ಮನೆತನಗಳನ್ನು ವೈದಿಕರೆಂದೂ ಲೌಕಿಕರೆಂದೂ ವಿಂಗಡಿಸುವ ರೂಢಿ ಬಹಳ ಹಿಂದಿನದು. ಪಾಠಪ್ರವಚನ, ಪೂಜೆ, ಪೌರೋಹಿತ್ಯಗಳಲ್ಲಿ ನಿಂತವರು ವೈದಿಕರು. ಲೆಕ್ಕಪತ್ರ, ಕಂದಾಯ, ರಾಜಸೇವೆಗಳನ್ನು ಹಿಡಿದವರು ಲೌಕಿಕರು. ಇವರು ಅವರನ್ನು ಲೋಭಿಗಳೆಂದೂ, ಅವರು ಇವರನ್ನು ಲೋಕಜ್ಞಾನವಿಲ್ಲದವರೆಂದೂ ಸಮಯ ಸಿಕ್ಕಾಗ ಆಡಿಕೊಂಡದ್ದುಂಟು. ವೈದಿಕರ ಮನೆಯಲ್ಲಿ ಹುಟ್ಟಿದ ನಮಗೆ ಆ ಮಾತುಗಳು ಅಪರಿಚಿತವಲ್ಲ. ಆದರೆ ದೇವರ ಮನೆಯ ನಂದಾದೀಪಕ್ಕೆ ಎಣ್ಣೆ ಒದಗಿಸಿದ ಕೈಗಳಲ್ಲಿ ಲೌಕಿಕರ ಕೈಗಳೇ ಹೆಚ್ಚೆಂಬುದನ್ನು ಒಪ್ಪಲೇಬೇಕಾಗುತ್ತದೆ. ಅಂತಹ ಒಬ್ಬ ಮಹನೀಯರ, ಅವರ ಮುಂದಿನ ಪೀಳಿಗೆಯ ಕಥೆಯನ್ನು ಇಲ್ಲಿ ನಿರೂಪಿಸಲು ಯತ್ನಿಸಿದ್ದೇವೆ.

ಪೂರ್ಣಯ್ಯನವರು ಹುಟ್ಟಿದ್ದು ೧೭೪೬ರಲ್ಲಿ, ಕೊಯಮತ್ತೂರಿನ ಕಡೆಯ ಒಂದು ದೇಶಸ್ಥ ಮಾಧ್ವ ಮನೆತನದಲ್ಲಿ. ತಂದೆ ಕೃಷ್ಣಾಚಾರ್ಯರು. ದೇಶಸ್ಥರ ಮೂಲ ಗೋದಾವರಿ ಕೃಷ್ಣೆಗಳ ನಡುವಿನ ನಾಡಾದರೂ, ಹದಿನೇಳನೆಯ ಶತಮಾನದಲ್ಲಿ ಬಿಜಾಪುರದ ಸೇನೆಗಳ ಹಿಂದೆ, ಬಳಿಕ ಮರಾಠರ ಆಳಿಕೆಯ ಹಿಂದೆ ಬೆಂಗಳೂರಿನಿಂದ ತಂಜಾವೂರಿನವರೆಗೆ ಹರಡಿದ ಅವರ ಕುಟುಂಬಗಳು ಎಷ್ಟೋ. ಹೋದಲ್ಲೆಲ್ಲ ಊರಿನ ಭಾಷೆಯನ್ನು ಕಲಿತರು, ಮನೆಯಲ್ಲಿ ಮರಾಠಿಯನ್ನು ಉಳಿಸಿಕೊಂಡರು, ಮೋಡಿ ಅಕ್ಷರದಲ್ಲಿ ಲೆಕ್ಕ ಬರೆದರು, ದ್ವಾದಶಿಯ ಪಾರಣೆಯನ್ನು ಮಾತ್ರ ಹೊತ್ತಿಗೆ ಸರಿಯಾಗಿ ಮಾಡಿದರು. ಪೂರ್ಣಯ್ಯನವರಿಗೆ ತಮಿಳು, ಕನ್ನಡ, ಮರಾಠಿ, ಹಿಂದೂಸ್ಥಾನಿಗಳು ಬರುತ್ತಿದ್ದುದು ಈ ಹಿನ್ನೆಲೆಯಿಂದ. ಪಾರಸಿಯನ್ನು ಮುಂದೆ ಕಾಲವೇ ಕಲಿಸಿತು.

ಬಾಲ್ಯದಲ್ಲಿಯೇ ಪಿತೃವಿಯೋಗವಾಯಿತು. ಪಾಠಶಾಲೆಗೆ ಹೋಗಬೇಕಾಗಿದ್ದ ಹುಡುಗ ಮನೆಯ ಹೊಣೆಯನ್ನು ಹೊತ್ತು ಒಂದು ವರ್ತಕರ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ನಿಲ್ಲಬೇಕಾಯಿತು. ಆ ಅಂಗಡಿಯ ವ್ಯವಹಾರದ ಮೂಲಕ ಅನ್ನದಾನ ಶೆಟ್ಟಿ ಎಂಬ ದೊಡ್ಡ ಸಾಹುಕಾರರ ಪರಿಚಯವಾಯಿತು. ಶೆಟ್ಟರು ಹೈದರಾಲಿಯ ಅರಮನೆಗೂ ಸೇನೆಗೂ ಸಾಮಗ್ರಿ ಒದಗಿಸುತ್ತಿದ್ದವರು. ಹುಡುಗನ ಕೈಬರಹವನ್ನೂ ಲೆಕ್ಕದ ನಿಷ್ಕೃಷ್ಟತೆಯನ್ನೂ ಕಂಡು ಅವರೇ ಹೈದರನ ಕಚೇರಿಗೆ ದಾರಿ ತೋರಿಸಿದರೆಂದು ಹೇಳುವರು. ಎರಡು ಕೈಗಳಿಂದಲೂ ಬರೆಯಬಲ್ಲವರಾಗಿದ್ದರೆಂಬ ಐತಿಹ್ಯವೂ ಪೂರ್ಣಯ್ಯನವರ ವಿಷಯದಲ್ಲಿ ಪ್ರಚಲಿತವಾಗಿದೆ.

ಅವರ ಮುಂದಿನ ಜೀವನವನ್ನು ನೋಡಿದಾಗ ಈ ಅಂಗಡಿಯ ದಿನಗಳು ವ್ಯರ್ಥವಾಗಲಿಲ್ಲವೆಂದೇ ನಮಗೆ ತೋರುತ್ತದೆ. ಧಾನ್ಯದ ಬೆಲೆ ಯಾವ ತಿಂಗಳಲ್ಲಿ ಏರುತ್ತದೆ, ಯಾವ ಪೇಟೆಯಲ್ಲಿ ಎತ್ತುಗಳು ದೊರೆಯುತ್ತವೆ, ಸಾಹುಕಾರನ ಮಾತಿನಲ್ಲಿ ಎಷ್ಟು ಭಾಗ ನಂಬತಕ್ಕದ್ದು ಎಂಬುದನ್ನು ಯಾವ ಶಾಸ್ತ್ರಗ್ರಂಥವೂ ಕಲಿಸುವುದಿಲ್ಲ. ಹದಿನೆಂಟನೆಯ ಶತಮಾನದ ರಾಜ್ಯವೆಂದರೆ ಮೊದಲಿಗೆ ಸೇನೆ. ಸೇನೆಯೆಂದರೆ ಮೊದಲಿಗೆ ಅಕ್ಕಿ, ಹುರುಳಿ, ಸಂಬಳ. ಇವನ್ನು ಹೊತ್ತಿಗೆ ಒದಗಿಸಬಲ್ಲವನು ಕತ್ತಿ ಹಿಡಿಯದೆಯೂ ಸೇನಾನಿಗೆ ಸಮನಾಗುತ್ತಿದ್ದನು. ಹೈದರನ ಸರಕಾರದ ಲೆಕ್ಕಗಳು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಇದ್ದುವು. ಸ್ವತಃ ಅಕ್ಷರ ಕಲಿಯದ ಹೈದರನಿಗೆ ಅಸಾಧಾರಣವಾದ ನೆನಪಿನ ಶಕ್ತಿಯಿದ್ದಿತು. ಅವನ ಎದುರಿನಲ್ಲಿ ತಪ್ಪು ಲೆಕ್ಕ ಒಪ್ಪಿಸಿ ಉಳಿದವರು ವಿರಳ. ಅಂತಹವನ ಕೈಕೆಳಗೆ ಲೇಖಕರಾಗಿ ಸೇರಿದ ಪೂರ್ಣಯ್ಯನವರು ಮೆಟ್ಟಲು ಮೆಟ್ಟಲಾಗಿ ಏರಿ, ಕೃಷ್ಣರಾವ್ ಎಂಬವರೊಡನೆ ಬೊಕ್ಕಸದ ಮುಖ್ಯಾಧಿಕಾರಿಗಳಾದರು.

೧೭೮೨ರ ಡಿಸೆಂಬರ್ ೭ರಂದು ಚಿತ್ತೂರಿನ ಬಳಿಯ ನರಸಿಂಗರಾಯನಪೇಟೆಯ ಶಿಬಿರದಲ್ಲಿ ಹೈದರಾಲಿ ತೀರಿಕೊಂಡನು. ಇಂಗ್ಲಿಷರೊಡನೆ ಯುದ್ಧ ನಡೆದೇ ಇದ್ದಿತು. ಮಗನಾದ ಟಿಪ್ಪು ನೂರಾರು ಮೈಲಿ ದೂರದಲ್ಲಿ, ಮಲೆಯಾಳ ಸೀಮೆಯಲ್ಲಿದ್ದನು. ಒಡೆಯನಿಲ್ಲವೆಂಬ ಸುದ್ದಿ ಶಿಬಿರದಲ್ಲಿ ಹರಡಿದ್ದರೆ ಆ ದೊಡ್ಡ ಸೇನೆ ಒಂದೆರಡು ದಿನಗಳಲ್ಲಿ ಚೆದುರಿಹೋಗುತ್ತಿತ್ತು, ಬೊಕ್ಕಸ ಲೂಟಿಯಾಗುತ್ತಿತ್ತು. ಪೂರ್ಣಯ್ಯ, ಕೃಷ್ಣರಾಯರೂ ಕೆಲವರು ಸರದಾರರೂ ಕೂಡಿ ಒಂದು ನಿರ್ಧಾರಕ್ಕೆ ಬಂದರು. ಹೈದರನ ಕಳೇಬರವನ್ನು ಸುಗಂಧದ್ರವ್ಯಗಳೊಡನೆ ಪೆಟ್ಟಿಗೆಯಲ್ಲಿರಿಸಿ, ಬೊಕ್ಕಸದ ಹಣವನ್ನು ಸಾಗಿಸುವಂತೆ ಕಾವಲಿನೊಡನೆ ಕೋಲಾರಕ್ಕೆ ಕಳುಹಿಸಿದರು. ಶಿಬಿರದಲ್ಲಿ ಎಲ್ಲವೂ ಎಂದಿನಂತೆಯೇ ನಡೆಯಿತು. ನವಾಬನಿಗೆ ಸ್ವಸ್ಥವಿಲ್ಲವೆಂದು ಹೇಳುತ್ತ, ಅವನ ಹೆಸರಿನಲ್ಲಿಯೇ ಆಜ್ಞೆಗಳನ್ನು ಹೊರಡಿಸುತ್ತ, ಸೇನೆಯನ್ನು ನಿಧಾನವಾಗಿ ಪಡುವಣದತ್ತ ಸರಿಸಿದರು. ನಡುವೆ ಗುಟ್ಟನ್ನು ಅರಿತ ಕೆಲವರು ಟಿಪ್ಪುವಿನ ತಮ್ಮನನ್ನು ಮುಂದೆ ಮಾಡಿ ಅಧಿಕಾರ ಹಿಡಿಯಲು ಹವಣಿಸಿದರು. ಅವರನ್ನು ಸದ್ದಿಲ್ಲದೆ ಬಂಧಿಸಿದರು. ಕೆಲವೇ ವಾರಗಳಲ್ಲಿ ಟಿಪ್ಪು ಬಂದು ಸೇರಿದಾಗ ಸೇನೆ, ಬೊಕ್ಕಸ, ರಾಜ್ಯ ಮೂರೂ ಅಖಂಡವಾಗಿ ಅವನ ಕೈಗೆ ಬಂದುವು.

ಆಗ ಪೂರ್ಣಯ್ಯನವರಿಗೆ ಮೂವತ್ತಾರು ವಯಸ್ಸು. ಕೈಯಲ್ಲಿ ಬೊಕ್ಕಸದ ಬೀಗದ ಕೈ, ಸುತ್ತ ಒಡೆಯನಿಲ್ಲದ ಸೇನೆ, ಎದುರಿನಲ್ಲಿ ಯಾವ ಬೆಲೆಗಾದರೂ ಕೊಳ್ಳಲು ಸಿದ್ಧವಾಗಿದ್ದ ಕಂಪೆನಿ. ಅವರ ಜೀವನದಲ್ಲಿ ದ್ರೋಹಕ್ಕೆ ಇದಕ್ಕಿಂತ ಅನುಕೂಲವಾದ ಹೊತ್ತು ಮತ್ತೆ ಬರಲಿಲ್ಲ. ಪೂರ್ಣಯ್ಯನವರನ್ನು ಕುರಿತು ಮುಂದೆ ಆಡಿಕೊಳ್ಳುವ ಮಾತುಗಳನ್ನು ತೂಗುವಾಗ ಈ ಕೆಲವು ವಾರಗಳನ್ನು ತಕ್ಕಡಿಯಲ್ಲಿ ಇಡದಿರುವುದು ನ್ಯಾಯವಲ್ಲ.

ಟಿಪ್ಪುವಿನ ಆಳಿಕೆಯ ಹದಿನೇಳು ವರ್ಷಗಳನ್ನು ಇಲ್ಲಿ ವಿವರಿಸುವ ಅವಶ್ಯವಿಲ್ಲ. ಲೆಕ್ಕಪತ್ರದ ಭಾಷೆ ಪಾರಸಿಯಾಯಿತು, ಹಳೆಯ ಬ್ರಾಹ್ಮಣ ಅಧಿಕಾರಿಗಳಲ್ಲಿ ಹಲವರು ಹಿಂದೆ ಸರಿದರು, ಪೂರ್ಣಯ್ಯನವರು ಉಳಿದರು. ಲೆಕ್ಕದ ಕೋಣೆಯಿಂದ ಯುದ್ಧಭೂಮಿಗೂ ಇಳಿದು ೧೭೯೦ರಿಂದ ೧೭೯೨ರವರೆಗಿನ ಯುದ್ಧದಲ್ಲಿ ಸೇನೆಯನ್ನು ನಡೆಸಿದರು. ಆ ಯುದ್ಧದ ಕೊನೆಯಲ್ಲಿ ಟಿಪ್ಪು ಅರ್ಧ ರಾಜ್ಯವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಗಳನ್ನೂ ತೆರಲು ಒಪ್ಪಿ, ಇಬ್ಬರು ಮಕ್ಕಳನ್ನು ಒತ್ತೆಯಿಡಬೇಕಾಯಿತು. ಶೃಂಗೇರಿ, ನಂಜನಗೂಡು, ಶ್ರೀರಂಗಪಟ್ಟಣಗಳ ದೇವರಿಗೆ ಟಿಪ್ಪು ಸಲ್ಲಿಸಿದ ಕಾಣಿಕೆಗಳೂ ಉಂಟು, ಅವನ ಕಾಲದಲ್ಲಿ ಹಾಳಾದ ಗುಡಿಗಳೂ ಉಂಟು. ಒಂದನ್ನು ಮರೆತು ಇನ್ನೊಂದನ್ನು ಮಾತ್ರ ಹೇಳುವುದು ಇತಿಹಾಸವೆನಿಸಲಾರದು.

೧೭೯೯ರ ಮೇ ೪ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದು ಟಿಪ್ಪು ಹೋರಾಡುತ್ತಲೇ ಮಡಿದನು. ಬಳಿಕ ಪೂರ್ಣಯ್ಯನವರು ಗೆದ್ದವರಿಗೆ ಶರಣಾಗತರಾದರು. ನಾಟಕಗಳಲ್ಲಿಯೂ ಲಾವಣಿಗಳಲ್ಲಿಯೂ ಅವರ ಹೆಸರನ್ನು ಮೀರ್ ಸಾದಿಕನ ಹೆಸರಿನ ಪಕ್ಕದಲ್ಲಿ ಸೇರಿಸಿ ಹೇಳುವುದನ್ನು ನಾವು ಕೇಳಿದ್ದೇವೆ. ಆದರೆ ಗೆದ್ದವರ ಎದುರಿನಲ್ಲಿ ಅವರು ಮೊದಲು ಮಂಡಿಸಿದ ಸಲಹೆ ಯಾವುದು? ಕಪ್ಪವನ್ನು ಗೊತ್ತುಪಡಿಸಿ ಟಿಪ್ಪುವಿನ ಹಿರಿಯ ಮಗನಾದ ಫತೇ ಹೈದರನನ್ನೇ ಗಾದಿಯ ಮೇಲೆ ಕೂರಿಸಬೇಕೆಂಬುದು. ಒಡೆಯನನ್ನು ಮಾರಿಕೊಂಡವನು ಒಡೆಯನ ಮಗನಿಗಾಗಿ ವಾದಿಸುವುದಿಲ್ಲ. ಕಂಪೆನಿಯವರು ಆ ಸಲಹೆಯನ್ನು ಒಪ್ಪದೆ ಹಳೆಯ ಒಡೆಯರ ವಂಶವನ್ನೇ ಮತ್ತೆ ಸ್ಥಾಪಿಸಲು ನಿಶ್ಚಯಿಸಿದರು. ಅದೇ ವರ್ಷ ಜೂನ್ ೩೦ರಂದು ಮೈಸೂರಿನಲ್ಲಿ ಚಪ್ಪರದ ಕೆಳಗೆ ಇನ್ನೂ ಐದು ತುಂಬದ ಮುಮ್ಮಡಿ ಕೃಷ್ಣರಾಜರಿಗೆ ಪಟ್ಟಾಭಿಷೇಕವಾಯಿತು. ಅರಮನೆಯೇ ಇರಲಿಲ್ಲವಾದ್ದರಿಂದ ಚಪ್ಪರ.

ದಿವಾನಗಿರಿ ಯಾರಿಗೆ ಎಂಬ ಪ್ರಶ್ನೆ ಎದ್ದಿತು. ರಾಜಮಾತೆ ಲಕ್ಷ್ಮಮ್ಮಣ್ಣಿಯವರು ಹಲವು ವರ್ಷಗಳ ಕಾಲ ಪ್ರಾಣವನ್ನು ಪಣಕ್ಕೊಡ್ಡಿ ಇಂಗ್ಲಿಷರೊಡನೆ ಸಂಧಾನ ನಡೆಸಿದವರು. ಆ ಸಂಧಾನದಲ್ಲಿ ಅವರ ಪರವಾಗಿ ದುಡಿದಿದ್ದ ತಿರುಮಲರಾಯರಿಗೆ ಆ ಸ್ಥಾನ ಸಲ್ಲಬೇಕಾಗಿದ್ದಿತು. ದೊರಕಿದ್ದು ನಿನ್ನೆಯವರೆಗೂ ಟಿಪ್ಪುವಿನ ಮಂತ್ರಿಯಾಗಿದ್ದ ಪೂರ್ಣಯ್ಯನವರಿಗೆ. ಕಂಪೆನಿಗೆ ಬೇಕಾಗಿದ್ದುದು ವರ್ಷಕ್ಕೆ ಏಳು ಲಕ್ಷ ವರಹಗಳ ಪೊಗದಿಯನ್ನು ತಪ್ಪದೆ ತೆರಬಲ್ಲ ಕೈ. ರಾಜ್ಯದ ಯಾವ ಹೋಬಳಿಯಿಂದ ಎಷ್ಟು ಹುಟ್ಟುತ್ತದೆಂಬುದನ್ನು ಬಲ್ಲವರು ಬೇರೆ ಯಾರಿದ್ದರು? ಲೋಕನೀತಿಯ ದೃಷ್ಟಿಯಿಂದ ಇದು ಸರಿಯಾದ ಆಯ್ಕೆ. ತಿರುಮಲರಾಯರ ದೃಷ್ಟಿಯಿಂದ ನೋಡಿದರೆ ಅನ್ಯಾಯವೇ ಸರಿ.

ಹೀಗೆ ಬಾಲರಾಜನ ಹೆಸರಿನಲ್ಲಿ ಪೂರ್ಣಯ್ಯನವರು ಹನ್ನೆರಡು ವರ್ಷ ರಾಜ್ಯವಾಳಿದರು. ಇದನ್ನು ಓದುತ್ತಿರುವಾಗ ನಮ್ಮ ಸಂಪ್ರದಾಯಸ್ಥರಿಗೆ ಶ್ರೀ ನರಹರಿತೀರ್ಥ ಶ್ರೀಪಾದಂಗಳವರ ನೆನಪಾಗದಿರದು. ಶ್ರೀಮದಾಚಾರ್ಯರ ಅಪ್ಪಣೆಯಂತೆ ಕಳಿಂಗದೇಶದಲ್ಲಿ ನಿಂತು, ಅಲ್ಲಿಯ ಬಾಲರಾಜನಿಗಾಗಿ ಹನ್ನೆರಡು ವರ್ಷ ರಾಜ್ಯಭಾರವನ್ನು ವಹಿಸಿಕೊಂಡಿದ್ದು, ರಾಜಕುಮಾರನು ಪ್ರಾಪ್ತವಯಸ್ಕನಾದೊಡನೆ ರಾಜ್ಯವನ್ನು ಒಪ್ಪಿಸಿ, ಪ್ರತಿಯಾಗಿ ಭಂಡಾರದಲ್ಲಿದ್ದ ಮೂಲರಾಮ ಮೂಲಸೀತೆಯರ ವಿಗ್ರಹಗಳನ್ನು ಮಾತ್ರ ಬೇಡಿದರೆಂಬುದು ನಮ್ಮಲ್ಲಿ ಮನೆಮನೆಯ ಮಾತು. ಶ್ರೀಕೂರ್ಮದ ೧೨೮೧ರ ಶಾಸನದಲ್ಲಿ ಆ ಯತಿವರ್ಯರ ಉಲ್ಲೇಖವಿದೆ. ಯತಿಗೂ ಗೃಹಸ್ಥನಿಗೂ ಹೋಲಿಕೆ ಹೇಳುವುದು ಉಚಿತವಲ್ಲವೆಂದು ನಾವು ಬಲ್ಲೆವು. ಆದರೂ ಹನ್ನೆರಡು ವರ್ಷಗಳ ಬಳಿಕ ಏನನ್ನು ಬೇಡಿದರು ಎಂಬ ಪ್ರಶ್ನೆ ಪೂರ್ಣಯ್ಯನವರ ವಿಷಯದಲ್ಲಿಯೂ ಬರುತ್ತದೆ. ಅದನ್ನು ಮುಂದೆ ನೋಡೋಣ.

ಅವರ ಆಡಳಿತದ ಮೊದಲ ವರ್ಷಗಳು ಸುಗಮವಾಗಿರಲಿಲ್ಲ. ಸೆರೆಯಿಂದ ಹೊರಬಿದ್ದ ಧೋಂಡಿಯಾ ವಾಘನು ಬಿದನೂರು ಸೀಮೆಯನ್ನು ಸುಲಿಯುತ್ತಿದ್ದನು. ೧೮೦೦ರ ಸೆಪ್ಟೆಂಬರಿನಲ್ಲಿ ಅವನು ಹತನಾಗುವವರೆಗೂ ನೆಮ್ಮದಿಯಿರಲಿಲ್ಲ. ಪಾಳೆಯಗಾರರ ಪೈಕಿ ಕೆಲವರು ತಲೆಯೆತ್ತಿದರು. ಕೆಲಸವಿಲ್ಲದೆ ಅಲೆಯುತ್ತಿದ್ದ ಹಳೆಯ ಸೈನಿಕರನ್ನು ಪೂರ್ಣಯ್ಯನವರು ಕಂದಾಚಾರವೆಂಬ ವ್ಯವಸ್ಥೆಯಲ್ಲಿ ಸೇರಿಸಿಕೊಂಡು ಊರಕಾವಲಿಗೆ ಬಳಸಿದರು. ದಂಗೆಯೇಳಬಹುದಾಗಿದ್ದವನ ಕೈಗೇ ಕಾವಲಿನ ಕೋಲನ್ನು ಕೊಟ್ಟ ಈ ಉಪಾಯದಲ್ಲಿ ಅಂಗಡಿಯ ಲೆಕ್ಕಾಚಾರ ಕಾಣಿಸದೇ? ೧೮೦೩ರಲ್ಲಿ ಆರ್ಥರ್ ವೆಲ್ಲೆಸ್ಲಿ ಮರಾಠರ ಮೇಲೆ ದಂಡೆತ್ತಿ ಹೋದಾಗ ಮೈಸೂರಿನ ಸಿಲೇದಾರ ಕುದುರೆಪಡೆ ಅವನೊಡನೆ ಹೋಯಿತು. ಅಕ್ಕಿ, ಎತ್ತು, ಕುರಿಗಳ ಸರಬರಾಜು ಮೈಸೂರಿನಿಂದ ತಡೆಯಿಲ್ಲದೆ ಸಾಗಿತು. ಮುಂದೆ ವೆಲಿಂಗ್ಟನ್ ಡ್ಯೂಕನೆಂದು ಹೆಸರಾದ ಆ ಸೇನಾನಿ ಪೂರ್ಣಯ್ಯನವರನ್ನು ಕೊನೆಯವರೆಗೂ ಗೌರವದಿಂದ ಕಂಡನು. ಥಾಮಸ್ ಹಿಕಿ ಎಂಬ ಚಿತ್ರಕಾರನು ಅವರ ಭಾವಚಿತ್ರವನ್ನು ಬರೆದದ್ದು ಈ ವರ್ಷಗಳಲ್ಲಿಯೇ.

ಕೆರೆಗಳ ಏರಿ, ಕಾಲುವೆಗಳ ತೂಬುಗಳ ಜೀರ್ಣೋದ್ಧಾರವಾಯಿತು. ೧೮೦೦ರಲ್ಲಿ ಒಂದು ಪೇಟೆಯನ್ನು ನೆಲೆಗೊಳಿಸಿ ರೆಸಿಡೆಂಟ್ ಬ್ಯಾರಿ ಕ್ಲೋಸನ ಹೆಸರಿನಲ್ಲಿ ಕ್ಲೋಸ್‌ಪೇಟೆಯೆಂದು ಕರೆದರು. ಅದೇ ಈಗಿನ ರಾಮನಗರ. ಕಾವೇರಿಯ ನೀರನ್ನು ಮೈಸೂರು ನಗರಕ್ಕೆ ತರಬೇಕೆಂದು ಅವರು ತೋಡಿಸಿದ ಕಾಲುವೆ ಪೂರ್ತಿಯಾಗಲಿಲ್ಲ. ಪೂರ್ಣಯ್ಯ ನಾಲೆಯೆಂಬ ಹೆಸರು ಮಾತ್ರ ಉಳಿಯಿತು. ಎಲ್ಲ ಯೋಜನೆಗಳೂ ಫಲಿಸುವುದಿಲ್ಲ. ನೆಲದ ಏರು ಇಳಿವುಗಳು ದಿವಾನರ ಆಜ್ಞೆಯನ್ನು ಕೇಳುವುದಿಲ್ಲ.

ನಿಂತುಹೋಗಿದ್ದ ದೇವಸ್ಥಾನ, ಅಗ್ರಹಾರಗಳ ಉಂಬಳಿ, ತಸ್ತೀಕುಗಳಲ್ಲಿ ಹಲವು ಅವರ ಕಾಲದಲ್ಲಿ ಮತ್ತೆ ನಡೆಯತೊಡಗಿದುವು. ಇವೆಲ್ಲಕ್ಕಿಂತ ನಮಗೆ ಹೃದ್ಯವಾಗಿ ತೋರುವುದು ಶ್ವೇತವರಾಹಸ್ವಾಮಿಯ ಸೇವೆ. ಶ್ರೀಮುಷ್ಣದಿಂದ ಚಿಕ್ಕದೇವರಾಜ ಒಡೆಯರು ತರಿಸಿ ಶ್ರೀರಂಗಪಟ್ಟಣದಲ್ಲಿ ಪ್ರತಿಷ್ಠಿಸಿದ್ದ ವರಾಹಮೂರ್ತಿಯ ಗುಡಿ ಟಿಪ್ಪುವಿನ ಕಾಲದಲ್ಲಿ ಇಲ್ಲವಾಗಿದ್ದಿತು. ಶಿವಮೊಗ್ಗೆಯ ಸೀಮೆಯಲ್ಲಿ ಪಾಳುಬಿದ್ದಿದ್ದ ಹೊಯ್ಸಳರ ಕಾಲದ ಒಂದು ಕಟ್ಟಡದ ಕಲ್ಲುಗಳನ್ನು ಪೂರ್ಣಯ್ಯನವರು ಮೈಸೂರಿಗೆ ತರಿಸಿ, ಕೋಟೆಯೊಳಗೆ ಗುಡಿಯನ್ನು ಕಟ್ಟಿಸಿ, ೧೮೦೯ರಲ್ಲಿ ಸ್ವಾಮಿಯನ್ನು ಅಲ್ಲಿ ನೆಲೆಗೊಳಿಸಿದರು. ಮೈಸೂರಿನ ಅರಮನೆಯ ತೆಂಕಣ ಬಾಗಿಲ ಕಡೆಗೆ ಹೋಗುವವರು ಆ ಗುಡಿಯ ಕಂಬಗಳನ್ನೂ ಬಾಗಿಲುವಾಡವನ್ನೂ ಒಂದು ಗಳಿಗೆ ನಿಂತು ನೋಡಬೇಕು. ಮಲೆನಾಡಿನ ಹೊಯ್ಸಳ ಶಿಲ್ಪ, ಶ್ರೀಮುಷ್ಣದ ದೇವರು, ಕೊಯಮತ್ತೂರಿನ ಮರಾಠಿ ಮಾತಿನ ದಿವಾನ, ಮೈಸೂರಿನ ಅರಸು: ಇವೆಲ್ಲ ಒಂದೇ ಗರ್ಭಗುಡಿಯ ಸುತ್ತ ಸೇರಿವೆ.

ಇನ್ನು ದೋಷಗಳ ಮಾತು. ಪೂರ್ಣಯ್ಯನವರು ಅಧಿಕಾರ ಬಿಟ್ಟಾಗ ಬೊಕ್ಕಸದಲ್ಲಿ ಎರಡು ಕೋಟಿ ರೂಪಾಯಿಗೂ ಮಿಕ್ಕಿ ಹಣವಿದ್ದಿತೆಂದು ಚರಿತ್ರಕಾರರು ಬರೆದಿದ್ದಾರೆ. ಯುದ್ಧಗಳಿಂದ ಸವೆದ ನಾಡಿನಲ್ಲಿ, ಕಂಪೆನಿಯ ಪೊಗದಿಯನ್ನೂ ತೆತ್ತು ಇಷ್ಟನ್ನು ಉಳಿಸಿದ್ದು ಅಸಾಮಾನ್ಯವೆಂದು ಹೊಗಳಿದವರುಂಟು. ಆ ಹಣ ರೈತರ ಬೆನ್ನಿನಿಂದ ಹಿಂಡಿದ್ದೆಂದು ಜರೆದವರೂ ಉಂಟು. ಎರಡನೆಯ ಮಾತನ್ನು ನಾವು ಸುಳ್ಳೆಂದು ತಳ್ಳಿಹಾಕಲಾರೆವು. ಕಂದಾಯದ ವಿಷಯದಲ್ಲಿ ಅವರು ಕಠಿಣರಾಗಿದ್ದರು. ಬರದ ವರ್ಷಕ್ಕೆ ಹಗೇವಿನಲ್ಲಿ ರಾಗಿ ಕೂಡಿಡುವ ಒಕ್ಕಲಿಗನ ಬುದ್ಧಿಯಿಂದ ಕೂಡಿಟ್ಟರೋ, ವರ್ತಕನ ಸ್ವಭಾವದಿಂದ ಕೂಡಿಟ್ಟರೋ, ಹಗೇವು ತುಂಬುವಾಗ ಹೊಲದವನ ಮನೆಯಲ್ಲಿ ಕೊರತೆಯಾಗಿರಲೇಬೇಕು.

ಇನ್ನೊಂದು ದೋಷ, ಅಥವಾ ಆಸೆ, ಅವರ ಮನೆತನಕ್ಕೆ ಸಂಬಂಧಿಸಿದ್ದು. ದಿವಾನಗಿರಿ ತಮ್ಮ ವಂಶದಲ್ಲಿಯೇ ಪಾರಂಪರ್ಯವಾಗಿ ಮುಂದುವರಿಯಬೇಕೆಂದು ಪೂರ್ಣಯ್ಯನವರು ಬಯಸಿದ್ದರೆಂದು ಚರಿತ್ರಕಾರರು ಹೇಳುವರು. ಮರಾಠಾ ರಾಜ್ಯದಲ್ಲಿ ಪೇಶ್ವೆಗಳ ಪದವಿ ತಂದೆಯಿಂದ ಮಗನಿಗೆ ಇಳಿದಿದ್ದುದು ಅವರ ಕಣ್ಣೆದುರಿನಲ್ಲಿಯೇ ಇದ್ದಿತು. ಕಂಪೆನಿಯವರು ಇದಕ್ಕೆ ಸಮ್ಮತಿಸಲಿಲ್ಲ. ಸೇವೆಗೆ ಮೆಚ್ಚಿ ೧೮೦೭ರ ಡಿಸೆಂಬರ್ ೨೭ರಂದು ಯಳಂದೂರನ್ನು ವಂಶಪಾರಂಪರ್ಯವಾದ ಜಹಗೀರಾಗಿ ಅವರಿಗೆ ಕೊಡಮಾಡಲಾಯಿತು. ಪದವಿಯನ್ನು ಬೇಡಿದವರಿಗೆ ಭೂಮಿ ದೊರಕಿತು.

ಯಳಂದೂರು ಸಾಮಾನ್ಯವಾದ ಊರಲ್ಲ. ಬಿಳಿಗಿರಿರಂಗನ ಬೆಟ್ಟದ ತಪ್ಪಲು, ಹೊನ್ನುಹೊಳೆಯ ದಂಡೆ, ಗೌರೀಶ್ವರ ದೇವಾಲಯದ ಬಳೆಮಂಟಪದಲ್ಲಿ ಕಲ್ಲಿನಲ್ಲಿಯೇ ಕಡೆದ ಸರಪಣಿಗಳು. ಚಿಕ್ಕದೇವರಾಜ ಒಡೆಯರ ಮಂತ್ರಿಯಾಗಿದ್ದ ವಿಶಾಲಾಕ್ಷ ಪಂಡಿತನೂ, ಹದಿಬದೆಯ ಧರ್ಮವನ್ನು ರಚಿಸಿದ ಸಂಚಿಯ ಹೊನ್ನಮ್ಮನೂ ಇದೇ ಯಳಂದೂರಿನವರು. ಒಂದು ಕಾಲಕ್ಕೆ ಮೈಸೂರಿಗೆ ಮಂತ್ರಿಯನ್ನು ಕೊಟ್ಟ ಊರು ಇನ್ನೊಂದು ಕಾಲಕ್ಕೆ ಮಂತ್ರಿಯ ಮನೆತನಕ್ಕೆ ಆಶ್ರಯವಾದದ್ದು ವಿಶೇಷವೇ ಸರಿ. ವಿಶಾಲಾಕ್ಷ ಪಂಡಿತನು ಶತ್ರುಗಳ ಕೈಯಿಂದ ಕೊಲೆಯಾದನೆಂಬುದನ್ನು ನೆನೆದರೆ, ಮಂತ್ರಿಪದವಿಯಲ್ಲಿದ್ದು ಪೂರ್ಣಾಯುಷ್ಯವನ್ನು ಕಂಡು ಮಕ್ಕಳಿಗೆ ಊರೊಂದನ್ನು ಬಿಟ್ಟುಹೋಗುವುದು ಎಷ್ಟು ಅಪರೂಪವೆಂದು ತಿಳಿಯುತ್ತದೆ.

೧೮೧೧ರ ಹೊತ್ತಿಗೆ ಮುಮ್ಮಡಿ ಕೃಷ್ಣರಾಜರು ಹದಿನಾರು ದಾಟಿದ್ದರು. ರಾಜ್ಯವನ್ನು ತಾವೇ ನಡೆಸಬೇಕೆಂಬ ಅಪೇಕ್ಷೆ ಅವರಲ್ಲಿ ಹುಟ್ಟಿದ್ದು ಸಹಜ. ಅರುವತ್ತೈದರ ದಿವಾನರಿಗೆ ಅದು ಹಿಡಿಸದಿದ್ದುದೂ ಅಷ್ಟೇ ಸಹಜ. ತೊಡೆಯ ಮೇಲೆ ಆಡಿಸಿದ ಮಗುವಿಗೆ ಲೆಕ್ಕ ಒಪ್ಪಿಸುವುದು ಯಾರಿಗೂ ಸುಲಭವಲ್ಲ. ಕೆಲವು ತಿಂಗಳ ಕಾಲ ಅಸಮಾಧಾನ ಹೊಗೆಯಾಡಿತು; ರೆಸಿಡೆಂಟರು ಅರಸರ ಪಕ್ಷ ವಹಿಸಿದರು. ಪೂರ್ಣಯ್ಯನವರು ಅಧಿಕಾರವನ್ನು ಒಪ್ಪಿಸಿ ಶ್ರೀರಂಗಪಟ್ಟಣಕ್ಕೆ ತೆರಳಿದರು. ೧೮೧೨ರ ಮಾರ್ಚ್ ತಿಂಗಳ ಕೊನೆಯಲ್ಲಿ, ಲೇಖಕರಾಗಿ ಬಂದು ಸೇರಿದ್ದ ಆ ಊರಿನಲ್ಲಿಯೇ, ಕಾವೇರಿಯ ತೀರದಲ್ಲಿ ದೇಹವನ್ನು ತ್ಯಜಿಸಿದರು.

ಅವರು ಕೂಡಿಟ್ಟ ಹಣ ಎರಡು ದಶಕಗಳೊಳಗೆ ಕರಗಿತು. ದಾನ, ಕಲೆ, ಆಶ್ರಿತರ ಪೋಷಣೆಗಳಲ್ಲಿ ಮುಮ್ಮಡಿಯವರ ಕೈ ದೊಡ್ಡದು. ಪಂಡಿತರೂ ಕವಿಗಳೂ ಅವರನ್ನು ಇಂದಿಗೂ ಸ್ಮರಿಸಬೇಕಾದದ್ದೇ. ಆದರೆ ನಗರದ ಸೀಮೆಯ ರೈತರ ದಂಗೆ, ಬರಿದಾದ ಬೊಕ್ಕಸ, ಇವೆರಡನ್ನು ಕಾರಣವಾಗಿ ತೋರಿಸಿ ೧೮೩೧ರಲ್ಲಿ ಕಂಪೆನಿ ರಾಜ್ಯದ ಆಡಳಿತವನ್ನೇ ತೆಗೆದುಕೊಂಡಿತು. ಐವತ್ತು ವರ್ಷ ಕಮಿಷನರುಗಳು ಆಳಿದರು. ದಿವಾನಗಿರಿಯ ಸ್ವರೂಪವೇ ಬದಲಾಯಿತು. ಪೂರ್ಣಯ್ಯನವರ ಮಕ್ಕಳಿಗೆ ಆ ಪದವಿ ಪಾರಂಪರ್ಯವಾಗಿ ದೊರಕಿದ್ದರೂ ಈ ಬಿರುಗಾಳಿಯಲ್ಲಿ ಉಳಿಯುತ್ತಿತ್ತೇ ಎಂಬುದು ಸಂದೇಹ. ಜಹಗೀರು ಮಾತ್ರ ಉಳಿಯಿತು. ಪೀಳಿಗೆಯಿಂದ ಪೀಳಿಗೆಗೆ ಯಳಂದೂರಿನ ಜಹಗೀರುದಾರರಾಗಿ ಮನೆತನದವರು ಮೈಸೂರಿನ ಗೌರವಸ್ಥರ ಸಾಲಿನಲ್ಲಿ ಕುಳಿತರು.

ಜಹಗೀರು ಬಂದ ಮನೆಗಳಲ್ಲಿ ಮುಂದೆ ಏನಾಗುತ್ತದೆಂಬುದನ್ನು ನಮ್ಮ ಓದುಗರು ಬಲ್ಲರು. ಮೊದಲ ತಲೆ ಗಳಿಸುತ್ತದೆ, ಎರಡನೆಯದು ಅನುಭವಿಸುತ್ತದೆ, ಮೂರನೆಯದು ವ್ಯಾಜ್ಯ ಹೂಡುತ್ತದೆ. ಈ ಮನೆತನ ಆ ದಾರಿಯನ್ನು ಹಿಡಿಯಲಿಲ್ಲ. ಇಂಗ್ಲಿಷ್ ವಿದ್ಯೆ ಮೈಸೂರಿಗೆ ಬಂದಾಗ ಇವರು ಅದಕ್ಕೆ ಬೆನ್ನು ತಿರುಗಿಸಲಿಲ್ಲ. ಲೆಕ್ಕದ ಭಾಷೆ ಪಾರಸ್ಯವಾದಾಗ ಪಾರಸಿಯನ್ನು ಕಲಿತ ಹಿರಿಯರ ಸಂತತಿಯಲ್ಲವೇ! ೧೮೪೯ರಲ್ಲಿ ನರಸಿಂಗರಾಯರ ಮಗನಾಗಿ ಹುಟ್ಟಿದ ಕೃಷ್ಣಮೂರ್ತಿಯವರು ನ್ಯಾಯಶಾಸ್ತ್ರವನ್ನು ಅಭ್ಯಾಸ ಮಾಡಿ ಪದವೀಧರರಾದರು. ಕೂತು ಉಣ್ಣಲು ಊರೊಂದು ಇದ್ದರೂ ೧೮೭೦ರಲ್ಲಿ ಸರಕಾರದ ಕೆಲಸಕ್ಕೆ ಕೆಳಗಿನ ಮೆಟ್ಟಲಿನಿಂದಲೇ ಸೇರಿದರು. ಸೇರಿದ್ದು ಕಮಿಷನರುಗಳ ಆಳಿಕೆಯಲ್ಲಿ. ೧೮೮೧ರಲ್ಲಿ ರಾಜ್ಯವು ಒಡೆಯರಿಗೆ ಹಿಂದಿರುಗಿದ ಬಳಿಕ ರಂಗಾಚಾರ್ಲು, ಶೇಷಾದ್ರಿ ಅಯ್ಯರ್ ಅವರಂತಹ ದಿವಾನರ ಕೆಳಗೆ ದುಡಿದರು.

೧೯೦೧ರಲ್ಲಿ ಕೃಷ್ಣಮೂರ್ತಿಯವರು ಮೈಸೂರಿನ ದಿವಾನರಾದರು. ಪೂರ್ಣಯ್ಯನವರು ಕೆಳಗಿಳಿದು ತೊಂಬತ್ತು ವರ್ಷಗಳಾಗಿದ್ದುವು. ಹಿರಿಯರು ಬರೆಸಿಡಲು ಬಯಸಿದ್ದ ಪದವಿ ಬರೆಹವಿಲ್ಲದೆಯೇ ಮನೆಗೆ ಬಂದಿತು. ಆಗಲೂ ಗಾದಿಯಲ್ಲಿದ್ದವರು ಇನ್ನೂ ಹದಿಹರೆಯದ ಅರಸರು, ನಾಲ್ವಡಿ ಕೃಷ್ಣರಾಜ ಒಡೆಯರು. ಆಡಳಿತ ರಾಜಮಾತೆ ವಾಣಿವಿಲಾಸ ಸನ್ನಿಧಾನದವರ ಹೆಸರಿನಲ್ಲಿ ನಡೆಯುತ್ತಿದ್ದಿತು. ೧೯೦೨ರ ಆಗಸ್ಟ್ ೮ರಂದು ಕರ್ಜನನ ಸಮಕ್ಷಮದಲ್ಲಿ ಅರಸರಿಗೆ ಪೂರ್ಣಾಧಿಕಾರ ಸಂದಿತು. ಈ ಸಲ ಬಾಲರಾಜರು ದೊರೆಯಾದಾಗ ದಿವಾನರು ಮನೆಗೆ ತೆರಳಲಿಲ್ಲ. ಇನ್ನೂ ನಾಲ್ಕು ವರ್ಷ ಅದೇ ಅರಸರ ಮಂತ್ರಿಗಳಾಗಿದ್ದು ೧೯೦೬ರಲ್ಲಿ ನಿವೃತ್ತರಾದರು. ಪೂರ್ಣಯ್ಯನವರು ಕಾವೇರಿಯ ನೀರನ್ನು ಮೈಸೂರಿಗೆ ತರಲು ಹೆಣಗಿದ್ದರು. ಶೇಷಾದ್ರಿ ಅಯ್ಯರ್ ಅವರು ಆರಂಭಿಸಿದ ಯೋಜನೆಯಂತೆ ೧೯೦೨ರಲ್ಲಿ ಶಿವನಸಮುದ್ರದಿಂದ ಅದೇ ಕಾವೇರಿಯ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು, ೧೯೦೫ರ ಆಗಸ್ಟಿನಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದುವು. ಎರಡೂ ಕೃಷ್ಣಮೂರ್ತಿಯವರ ದಿವಾನಗಿರಿಯ ಕಾಲದಲ್ಲಿ.

ಅವರ ಬಳಿಕ ಬಂದ ವಿ. ಪಿ. ಮಾಧವರಾಯರೂ, ೧೯೦೯ರಿಂದ ೧೯೧೨ರವರೆಗೆ ದಿವಾನರಾಗಿದ್ದ ಟಿ. ಆನಂದರಾಯರೂ ದೇಶಸ್ಥ ಮಾಧ್ವರೇ ಎಂಬುದನ್ನು ಪ್ರಸಂಗವಶಾತ್ ಇಲ್ಲಿ ಹೇಳಬಹುದು. ಆನಂದರಾಯರ ತಂದೆ ತಿರುವಾಂಕೂರು, ಇಂದೂರು, ಬರೋಡ ಮೂರು ಸಂಸ್ಥಾನಗಳಲ್ಲಿ ದಿವಾನರಾಗಿದ್ದ ರಾಜಾ ಸರ್ ಟಿ. ಮಾಧವರಾಯರು. ಆ ಮನೆತನದ ಕಥೆ ಬೇರೆಯೇ ಒಂದು ಲೇಖನಕ್ಕೆ ಆಗುವಷ್ಟಿದೆ.

ಸರ್ ಪದವಿಯನ್ನು ಪಡೆದಿದ್ದ ಕೃಷ್ಣಮೂರ್ತಿಯವರು ೧೯೧೧ರಲ್ಲಿ ಕಾಲವಾದರು. ಸ್ವಾತಂತ್ರ್ಯಾನಂತರ ಬಂದ ಇನಾಂ ರದ್ದತಿಯ ಕಾಲದಲ್ಲಿ ಜಹಗೀರುಗಳು ಕೊನೆಗಂಡುವು. ಯಳಂದೂರು ೧೯೯೭ರಿಂದ ಚಾಮರಾಜನಗರ ಜಿಲ್ಲೆಗೆ ಸೇರಿದ ತಾಲ್ಲೂಕು. ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗುವ ಯಾತ್ರಿಕರು ಅಲ್ಲಿಯೇ ಹಾದುಹೋಗುವರು. ಜಹಗೀರುದಾರರ ಹಳೆಯ ಬಂಗಲೆ ಆ ಊರಿನಲ್ಲಿ ಈಗಲೂ ಇದೆ.